ಅಮ್ಮನ ಮೊಣಕಾಲಿಗೆ ಹೊಂದುವ ಮನೆ, ರೋಮ್‌ನಲ್ಲಿ

ವೀಸಾ ಅರ್ಜಿಗೆ ಹೋಟೆಲ್ ಬುಕಿಂಗ್ ಕಾಗದ ಬೇಕು. ಎಲ್ಲಿ ಉಳಿಯೋಣ ಅಂತ ಯೋಚಿಸುವ ಮೊದಲೇ ಎಲ್ಲಿ ಉಳಿಯುತ್ತೇವೆ ಅಂತ ಬರೆದುಕೊಡಬೇಕು. ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾ ಮಾಡಿಸಿದವರಿಗೆಲ್ಲ ಈ ಪಾಡು ಗೊತ್ತು. 30,000 ಯೂರೋ ಮೊತ್ತದ ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟ್, ಹೋಗಿ ಬರುವ ಟಿಕೆಟ್, ಅದರ ಜೊತೆ ಒಂದೊಂದು ರಾತ್ರಿಗೂ ಒಂದು ವಿಳಾಸ. ನಾವೂ ಎಲ್ಲರಂತೆ, ಬೇಡವೆಂದರೆ ದುಡ್ಡು ವಾಪಸ್ ಕೊಡುವ ಒಂದು ಹೋಟೆಲ್ ಹಿಡಿದೆವು. ರೋಮ್‌ನ ಟರ್ಮಿನಿ ರೈಲು ನಿಲ್ದಾಣದ ಹತ್ತಿರ, ಏಳು ರಾತ್ರಿಗೆ. ನೋಡಿ ಆರಿಸಿದ್ದಲ್ಲ. ಫೋಟೊದಲ್ಲಿ ಹಾಸಿಗೆ ಬೆಳ್ಳಗಿತ್ತು, ಅಷ್ಟೇ.

ವೀಸಾ ಬಂತು. ಹೋಟೆಲ್ ರದ್ದು ಮಾಡಲು ಇನ್ನೂ ಮೂರು ವಾರ ಇತ್ತು. ಈಗ ನಿಜವಾಗಿ ಆರಿಸಬೇಕು.

ಹೊರಟವರು ನಾಲ್ಕು ಜನ. ನಾನು, ನಮ್ಮ ಯಜಮಾನರು, ಒಂಬತ್ತು ವರ್ಷದ ಮಗ, 71 ವರ್ಷದ ಅಮ್ಮ. ಮಗನ ದಸರಾ ರಜೆಗೆ ಹೊಂದಿಸಿಕೊಂಡು ಟಿಕೆಟ್ ಮಾಡಿಸಿದ್ದೆವು. ಅಮ್ಮನಿಗೆ ಎಡಗಾಲಿನ ಮೊಣಗಂಟು ಸವೆದಿದೆ. ಡಾಕ್ಟರು ಆಪರೇಷನ್ ಈಗಲೇ ಬೇಡ ಅಂದಿದ್ದರು. ಸಮತಟ್ಟಿನಲ್ಲಿ ನಡೆಯಬಹುದು, ಮೆಟ್ಟಿಲು ಆದಷ್ಟು ಕಡಿಮೆ ಮಾಡಿ ಅಂದಿದ್ದರು. ಏಳು ಗುಡ್ಡಗಳ ಮೇಲೆ ಕಟ್ಟಿದ ಊರಿಗೆ ಹೊರಟವರಿಗೆ ಈ ಮಾತು!

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ನಕ್ಷೆ ತೆಗೆದು "ಊರ ನಡುಭಾಗ" ಹುಡುಕಿದೆ. ಒಂದು ಸಂಜೆ ಪೂರ್ತಿ ಹುಡುಕಿದ ಮೇಲೆ ಗೊತ್ತಾಯಿತು, ನೋಡಲು ಹೋಗುವವರ ಮಟ್ಟಿಗೆ ರೋಮ್‌ಗೆ ನಡುಭಾಗ ಅಂತ ಒಂದಿಲ್ಲ. ಕೊಲೊಸಿಯಮ್ ಮತ್ತು ಫೋರಮ್ ಅನ್ನುವ ಹಳೇ ರೋಮನ್ನರ ಸಾರ್ವಜನಿಕ ಚೌಕ ಒಂದು ಕಡೆ. ವ್ಯಾಟಿಕನ್ ಟೈಬರ್ ನದಿ ದಾಟಿ ಆಚೆ. ಇವೆರಡರ ನಡುವೆ ಪ್ಯಾಂಥಿಯನ್ ಅನ್ನುವ ಹಳೇ ಗುಮ್ಮಟದ ದೇಗುಲ, ನವೋನಾ ಚೌಕ, ಟ್ರೆವಿ ಕಾರಂಜಿ. ಆ ತುದಿಯಿಂದ ಈ ತುದಿಗೆ ನಡೆದರೆ ಮೂರೂವರೆ ನಾಲ್ಕು ಕಿಲೋಮೀಟರ್. ನನಗೆ ಅದೇನೂ ಜಾಸ್ತಿಯಲ್ಲ. ಅಮ್ಮನಿಗೆ ಅದು ಎರಡು ದಿನದ ದಾರಿ.

ಇನ್ನು ಮೆಟ್ರೊ. ಎ ಮತ್ತು ಬಿ ಅಂತ ಎರಡು ಹಳೇ ದಾರಿಗಳು ಟರ್ಮಿನಿಯಲ್ಲಿ ಒಂದನ್ನೊಂದು ದಾಟುತ್ತವೆ. ಸಿ ಅಂತ ಮೂರನೆಯದು ಆಮೇಲೆ ಬಂದದ್ದು. ಆದರೆ ಪ್ಯಾಂಥಿಯನ್ ಸುತ್ತಲಿನ ಹಳೇ ಪೇಟೆಗೆ ನಿಲ್ದಾಣವೇ ಇಲ್ಲ. ಅಲ್ಲಿ ನೆಲಕ್ಕೆ ಗುದ್ದಲಿ ಹಾಕಿದರೆ ಎರಡು ಸಾವಿರ ವರ್ಷದ ಗೋಡೆ ಸಿಗುತ್ತದೆ, ಕೆಲಸ ನಿಲ್ಲುತ್ತದೆ. ಹಾಗಾಗಿ "ಎಲ್ಲದರ ಮಧ್ಯೆ ಇದ್ದೇವೆ" ಅಂತ ಬೀಗುವ ಹೋಟೆಲುಗಳಿಂದ ಹೊರಟರೆ ಬಸ್ಸು, ಇಲ್ಲವೇ ಕಾಲು. ಬಾಡಿಗೆಯೂ ಹಾಗೇ. ನಾಲ್ಕು ಜನಕ್ಕೆ ರಾತ್ರಿಗೆ 290 ಯೂರೋ ಕೇಳಿದರು. ಒಂದರ ಫೋಟೊದಲ್ಲಿ ಕೋಣೆಗಿಂತ ಕಿಟಕಿಯಾಚೆ ಕಾಣುವ ಗುಮ್ಮಟವೇ ದೊಡ್ಡದಾಗಿತ್ತು. ಆ ಪೇಟೆಯನ್ನು ಅಲ್ಲಿಗೇ ಬಿಟ್ಟೆ.

ಆಮೇಲೆ ಟ್ರಾಸ್ತೆವೆರೆಗೆ ಮನಸೋತೆ. ನದಿಯ ಆಚೆ ದಡದ ಹಳೇ ಓಣಿಗಳು. ಗೋಡೆಗೆಲ್ಲ ಹಬ್ಬಿದ ಬಳ್ಳಿ, ಕೇಸರಿ ಬಣ್ಣದ ಸುಣ್ಣ, ಕಿಟಕಿಯಿಂದ ಕಿಟಕಿಗೆ ಒಣಹಾಕಿದ ಬಟ್ಟೆ. ಇಲ್ಲೇ ಉಳಿಯಬೇಕು ಅಂತ ಗಂಡನಿಗೆ ರಾತ್ರಿ ಹನ್ನೊಂದಕ್ಕೆ ಫೋಟೊ ಕಳಿಸಿದೆ, ಪಕ್ಕದಲ್ಲೇ ಮಲಗಿದ್ದವರಿಗೆ. ಅವರು ಕಣ್ಣು ಬಿಡದೇ "ಇಟಲಿಯವರು ಏನು ಬರೆದಿದ್ದಾರೆ ನೋಡು" ಅಂದರು.

ಇದೊಂದು ಮಾತಿಗೆ ಅವರಿಗೆ ನಾನು ಋಣಿ. ಹೊರದೇಶದಿಂದ ಬಂದವರು ಪ್ರವಾಸದ ಖುಷಿಯಲ್ಲಿ ಎಲ್ಲವನ್ನೂ ಹೊಗಳಿ ಬರೆದಿರುತ್ತಾರೆ. ಮಿಲಾನಿನಿಂದಲೋ ನೇಪಲ್ಸ್‌ನಿಂದಲೋ ಕೆಲಸಕ್ಕೆ ಬಂದು ಎರಡು ರಾತ್ರಿ ಉಳಿದವರಿಗೆ ಬಳ್ಳಿ ಗಿಳ್ಳಿ ಎಲ್ಲ ಮಾಮೂಲಿ. ಅವರು ನೇರ ಬರೆಯುತ್ತಾರೆ. ಮೂರು ಇಟಾಲಿಯನ್ ಪದ ಕಲಿತೆ. ‘ರುಮೋರೆ’ ಅಂದರೆ ಗದ್ದಲ. ‘ಸ್ಕಾಲೆ’ ಅಂದರೆ ಮೆಟ್ಟಿಲು. ‘ಅಷೆನ್ಸೋರೆ’ ಅಂದರೆ ಲಿಫ್ಟ್. ಯಾವ ಮನೆ ಕಣ್ಣಿಗೆ ಬಿದ್ದರೂ ಅದರ ಅಭಿಪ್ರಾಯಗಳಲ್ಲಿ ಈ ಮೂರು ಪದ ಹುಡುಕುವುದು, ಸಿಕ್ಕ ಸಾಲನ್ನು ಫೋನಿನಲ್ಲೇ ಅನುವಾದ ಮಾಡಿಸಿ ಓದುವುದು. ನಾನು ಮನಸೋತಿದ್ದ ಆ ಮನೆಗೆ ಗದ್ದಲ ಹದಿನೇಳು ಸಲ ಬಂದಿತ್ತು. ಕೆಳಗೆಲ್ಲ ಕುಡಿಯುವ ತಿನ್ನುವ ಅಂಗಡಿಗಳು, ರಾತ್ರಿ ಎರಡರವರೆಗೆ ಜನ. ಮೆಟ್ಟಿಲು ಒಂಬತ್ತು ಸಲ. ಲಿಫ್ಟ್ ಒಂದೇ ಸಲ, ಅದೂ "ಲಿಫ್ಟ್ ಇಲ್ಲ" ಅನ್ನುವ ಸಾಲಿನಲ್ಲಿ.

ಮುಂದಿನ ವಾರ ಪ್ರಾತಿ. ವ್ಯಾಟಿಕನ್ ಪಕ್ಕದ ಬಡಾವಣೆ. ರೋಮ್ 1871ರಲ್ಲಿ ರಾಜಧಾನಿಯಾದ ಮೇಲೆ ಗೆರೆ ಎಳೆದಂತೆ ಕಟ್ಟಿದ ಜಾಗ. ಅಗಲ ರಸ್ತೆ, ಒಳ್ಳೆ ಫುಟ್‌ಪಾತ್, ನೆಲ ಪೂರ್ತಿ ಸಮತಟ್ಟು. ಒತ್ತಾವಿಯಾನೊ ಮೆಟ್ರೊ ಹತ್ತಿರ. ಒಂದು ಮನೆಯನ್ನು ಹೆಚ್ಚೂಕಡಿಮೆ ನಿಶ್ಚಯ ಮಾಡಿದ್ದೆ. ಅವತ್ತೇ ಅಮ್ಮನಿಗೆ ಮಂಗಳೂರಿಗೆ ಫೋನ್ ಮಾಡಿ ಎಲ್ಲ ವಿವರಿಸಿದೆ. ಅವಳು ಪೂರ್ತಿ ಕೇಳಿ, ಒಂದೇ ಪ್ರಶ್ನೆ ಹಾಕಿದಳು.

"ಅದೆಲ್ಲ ಸರಿ ಮಾರಾಯ್ತಿ. ಮಧ್ಯಾಹ್ನ ಬಂದು ಒಂದು ಗಳಿಗೆ ಬೆನ್ನು ಚಾಚ್ಲಿಕ್ಕೆ ಆಗ್ತದಾ?"

ಅಲ್ಲಿಯವರೆಗೆ ನಾನು ಮನೆಯನ್ನು ರಾತ್ರಿ ಮಲಗುವ ಜಾಗ ಅಂತಲೇ ಲೆಕ್ಕ ಹಾಕುತ್ತಿದ್ದೆ. ಬೆಳಿಗ್ಗೆ ಹೊರಟರೆ ರಾತ್ರಿಯೇ ವಾಪಸ್, ಮಧ್ಯೆ ಹನ್ನೆರಡು ಗಂಟೆ ಬೀದಿಯಲ್ಲಿ. 71ರ ಹೆಂಗಸು, ಒಂಬತ್ತರ ಹುಡುಗ ಇಬ್ಬರಿಗೂ ಅದು ಆಗದ ಮಾತು. ಮಧ್ಯಾಹ್ನ ಮನೆಗೆ ಬರುವುದಾದರೆ ದಿನಕ್ಕೆ ಎರಡು ಸಲ ಹೊರಡಬೇಕು, ಎರಡು ಸಲ ಸೇರಬೇಕು. ದೂರದ ಲೆಕ್ಕವೇ ದುಪ್ಪಟ್ಟಾಯಿತು.

ಒಂದು ಹಾಳೆ ತಗೊಂಡು ಏಳು ದಿನದ್ದೂ ಬರೆದೆ. ಬೆಳಿಗ್ಗೆ ಎಲ್ಲಿ, ಸಂಜೆ ಎಲ್ಲಿ. ವ್ಯಾಟಿಕನ್ ಕಡೆಗೆ ಬಂದದ್ದು ಒಂದೂವರೆ ದಿನ ಮಾತ್ರ. ಉಳಿದದ್ದೆಲ್ಲ ನದಿಯ ಈಚೆ. ಪ್ರಾತಿಯಿಂದ ಕೊಲೊಸಿಯಮ್‌ಗೆ ಹೋಗಬೇಕಾದರೆ ಟರ್ಮಿನಿಯಲ್ಲಿ ಮೆಟ್ರೊ ಬದಲಿಸಬೇಕು, ಅಲ್ಲಿ ನೆಲದಡಿಯಲ್ಲೇ ಬಹಳ ನಡೆಯಬೇಕು. ದಿನಕ್ಕೆ ನಾಲ್ಕು ಸಲ ಆ ಕೆಲಸ ಬೇಡ. ಇಬ್ಬರೇ ಹೋಗಿದ್ದರೆ, ಗಟ್ಟಿಕಾಲಿನವರಾಗಿದ್ದರೆ, ನಾನು ಈಗಲೂ ಪ್ರಾತಿಯನ್ನೇ ಆರಿಸುತ್ತೇನೆ. ಅಷ್ಟು ಅಚ್ಚುಕಟ್ಟಾದ ಜಾಗ.

ಉಳಿದದ್ದು ಟರ್ಮಿನಿಯಿಂದ ಕೊಲೊಸಿಯಮ್‌ಗೆ ಇಳಿಯುವ ದಾರಿಯ ಆಚೀಚೆ. ಒಂದು ಬದಿಗೆ ಎಸ್ಕ್ವಿಲೀನೊ, ಇನ್ನೊಂದು ಬದಿಗೆ ಮೋಂತಿ, ಎರಡಕ್ಕೂ ನಡುವೆ ಸಾಂತಾ ಮರಿಯಾ ಮಜ್ಜೋರೆ ಅನ್ನುವ ದೊಡ್ಡ ಇಗರ್ಜಿ. ಟರ್ಮಿನಿ ಬಗ್ಗೆ ಬೈದು ಬರೆಯುವವರು ಬಹಳ. ನನಗೆ ಅದು ಅಷ್ಟು ಕೆಟ್ಟದ್ದು ಅನ್ನಿಸಲಿಲ್ಲ. ಎರಡೇ ದಿನ ಇರುವವರಿಗೆ, ಬೆಳಿಗ್ಗೆ ಎದ್ದು ಫ್ಲಾರೆನ್ಸಿಗೋ ನೇಪಲ್ಸಿಗೋ ರೈಲು ಹತ್ತುವವರಿಗೆ ಅದೇ ಸರಿ. ನಮ್ಮ ಮೆಜೆಸ್ಟಿಕ್ ಹತ್ತಿರದ ಲಾಡ್ಜಿನ ಹಾಗೆ, ಕೆಲಸಕ್ಕೆ ಬರುತ್ತದೆ. ಒಂದು ವಾರ ಅಮ್ಮ ಬಾಲ್ಕನಿಯಲ್ಲಿ ಕೂತು ಕಾಫಿ ಕುಡಿಯುವ ಜಾಗ ಅಲ್ಲ, ಅಷ್ಟೇ.

ಇಲ್ಲೊಂದು ಎಡವಟ್ಟು ಆಗುವುದರಲ್ಲಿತ್ತು. ಕೊಲೊಸಿಯಮ್ ಕಾಣುವ ತಾರಸಿ ಇರುವ ಮನೆ, ರಾತ್ರಿಗೆ 140 ಯೂರೋ. ಕೈ ನಡುಗಿತು. ಮೆಸೇಜ್ ಹಾಕಿದ ಹತ್ತೇ ನಿಮಿಷಕ್ಕೆ ಉತ್ತರ. ಇಲ್ಲಿ ಬುಕ್ ಮಾಡಬೇಡಿ, ನೇರ ಬ್ಯಾಂಕ್ ಖಾತೆಗೆ ಹಾಕಿ, ಇನ್ನೂ 15 ಪರ್ಸೆಂಟ್ ಕಡಿಮೆ ಮಾಡುತ್ತೇನೆ, ಇವತ್ತೇ ಹಾಕಬೇಕು. ಕೊನೆಯ ಎರಡು ಪದಕ್ಕೆ ನಾನು ಎಚ್ಚೆತ್ತೆ. ಇಟಲಿಯಲ್ಲಿ 2025ರ ಜನವರಿಯಿಂದ ಪ್ರವಾಸಿಗರಿಗೆ ಕೊಡುವ ಪ್ರತಿ ಮನೆಗೂ ಸರಕಾರ ಕೊಟ್ಟ ಒಂದು ಗುರುತಿನ ಸಂಖ್ಯೆ ಇರಬೇಕು, ಸಿಐಎನ್ ಅಂತ ಕರೆಯುತ್ತಾರೆ, ಅದನ್ನು ಜಾಹೀರಾತಿನಲ್ಲೂ ಹಾಕಬೇಕು. ಈ ಮನೆಯ ಪುಟದಲ್ಲಿ ಅದಿರಲಿಲ್ಲ. ಕೇಳಿದೆ. ಉತ್ತರ ಬರಲಿಲ್ಲ. ಮರುದಿನ ನೋಡಿದರೆ ಮನೆಯೇ ಮಾಯ.

ಕೊನೆಗೆ ಸಿಕ್ಕಿದ್ದು ಸಾಂತಾ ಮರಿಯಾ ಮಜ್ಜೋರೆಯಿಂದ ಮೋಂತಿ ಕಡೆಗೆ ಇಳಿಯುವ ಒಂದು ಓಣಿಯ ಮನೆ. ಎರಡು ಕೋಣೆ, ಅಡುಗೆಮನೆ, ಎರಡನೇ ಮಹಡಿ, ಲಿಫ್ಟ್ ಉಂಟು. ರಾತ್ರಿಗೆ 172 ಯೂರೋ. ಗದ್ದಲದ ದೂರು ಎರಡೇ, ಅದೂ ಬೀದಿ ಕಡೆಯ ಕೋಣೆಗೆ. ಸಿಐಎನ್ ಸಂಖ್ಯೆ ಇತ್ತು. ಗೂಗಲ್ ನಕ್ಷೆಯ ಸ್ಟ್ರೀಟ್ ವ್ಯೂನಲ್ಲಿ ಮನೆ ಬಾಗಿಲಿಂದ ಮೆಟ್ರೊವರೆಗೆ, ಮನೆ ಬಾಗಿಲಿಂದ ಇಗರ್ಜಿಯವರೆಗೆ ಒಂದೊಂದು ಹೆಜ್ಜೆಯೂ ನಡೆದು ನೋಡಿದೆ. ಮಗ ಪಕ್ಕದಲ್ಲಿ ಕೂತು ಮೆಟ್ಟಿಲು ಎಣಿಸಿದ. ದುಡ್ಡು ಕಟ್ಟಿ ಆಯಿತು.

ಕಟ್ಟಿದ ಮೇಲೆ ಗಂಡ ಕೇಳಿದರು, "ಮೋಂತಿ ಅಂದರೆ ಏನು ಗೊತ್ತಾ?" ಬೆಟ್ಟಗಳು ಅಂತಂತೆ.

ಅಮ್ಮನಿಗೆ ಹೇಳಲೋ ಬೇಡವೋ ಅಂತ ಎರಡು ದಿನ ಒದ್ದಾಡಿ ಹೇಳಿದೆ. ಅವಳು ನಕ್ಕಳು. "ದಿನಾ ಬಾವುಟಗುಡ್ಡೆ ಹತ್ತಿ ಇಳಿದವಳು ನಾನು. ಆದ್ರೂ ಒಂದು ಕೇಳ್ತೇನೆ. ಹೋಗ್ಲಿಕ್ಕೆ ಇಳಿಜಾರು ಅಂತ ನೀನು ಹೇಳಿದ್ದಲ್ವಾ, ಹಾಗಾದ್ರೆ ಬರ್ಲಿಕ್ಕೆ ಏರು ಅಲ್ವಾ?"

ಬರುವಾಗ ಮೆಟ್ರೊ ಅಮ್ಮ, ಅಂದೆ. ನಿಜ ಹೇಳಬೇಕೆಂದರೆ ಅದನ್ನು ಆ ಕ್ಷಣದಲ್ಲೇ ಯೋಚಿಸಿದ್ದು.

ವಿಮಾನ ನಿಲ್ದಾಣದಿಂದ ಟರ್ಮಿನಿಗೆ ನಿಲ್ಲದೆ ಹೋಗುವ ರೈಲಿಗೆ ದೊಡ್ಡವರಿಗೆ ತಲೆಗೆ 14 ಯೂರೋ. ಟ್ಯಾಕ್ಸಿಗೆ ಊರೊಳಗೆ ಎಲ್ಲಿಗಾದರೂ 55 ಯೂರೋ, ನಿಗದಿ ದರ. ಊರೊಳಗೆ ಅಂದರೆ ಯಾವುದು? ಔರೇಲಿಯನ್ ಚಕ್ರವರ್ತಿ ಕ್ರಿ.ಶ. 271ರಲ್ಲಿ ಕಟ್ಟಿಸಲು ಶುರುಮಾಡಿದ ಕೋಟೆಗೋಡೆಯ ಒಳಗೆ. ಮೂರನೇ ಶತಮಾನದ ಗೋಡೆ ಇವತ್ತಿಗೂ ಟ್ಯಾಕ್ಸಿ ದರ ತೀರ್ಮಾನ ಮಾಡುತ್ತದೆ! ನಮ್ಮ ಮನೆ ಗೋಡೆಯ ಒಳಗಿತ್ತು. ನಾಲ್ಕು ಜನ, ಐದು ಪೆಟ್ಟಿಗೆ, ಟ್ಯಾಕ್ಸಿಯೇ ಸುಖ.

ಓಣಿಗೆ ಕರೀ ಕಲ್ಲು ಹಾಸಿದ್ದರು. ಮುಷ್ಟಿಗಾತ್ರದ ಚೌಕ ಕಲ್ಲುಗಳು, ಸಾಂಪಿಯೆತ್ರೀನಿ ಅನ್ನುತ್ತಾರೆ. ಪೆಟ್ಟಿಗೆ ಎಳೆದರೆ ಇಡೀ ಓಣಿಗೆ ಕೇಳುವಂಥ ಗಡಗಡ. ಮನೆಯಾಕೆ ಬಾಗಿಲಲ್ಲೇ ಕಾಯುತ್ತಿದ್ದರು. ಪಾಸ್‌ಪೋರ್ಟುಗಳ ಫೋಟೊ ತೆಗೆದುಕೊಂಡರು. ಬಂದವರ ವಿವರವನ್ನು 24 ಗಂಟೆಯೊಳಗೆ ಪೊಲೀಸರಿಗೆ ಕಳಿಸಬೇಕಂತೆ. ಊರಿನ ತೆರಿಗೆಯನ್ನೂ ಅಲ್ಲೇ ಎಣಿಸಿ ಕೊಟ್ಟೆವು. ತಲೆಗೆ ರಾತ್ರಿಗೆ 6 ಯೂರೋ, ಹತ್ತು ವರ್ಷದೊಳಗಿನ ಮಕ್ಕಳಿಗಿಲ್ಲ. ಮೂರು ಜನ, ಏಳು ರಾತ್ರಿ, 126 ಯೂರೋ. ಬುಕಿಂಗ್ ಮಾಡುವಾಗ ಕಾಣುವ ದರದಲ್ಲಿ ಇದು ಬಹಳ ಸಲ ಸೇರಿರುವುದಿಲ್ಲ. ಬಜೆಟ್ಟಿನಲ್ಲಿ ಮೊದಲೇ ಇಟ್ಟುಕೊಂಡಿದ್ದಕ್ಕೆ ಹೊಟ್ಟೆ ಉರಿಯಲಿಲ್ಲ.

ಲಿಫ್ಟ್ ಬಗ್ಗೆ ಹೇಳಲೇಬೇಕು. ಮೆಟ್ಟಿಲು ಸುತ್ತಿಕೊಂಡು ಮೇಲೆ ಹೋಗುತ್ತದೆ, ನಡುವಿನ ಖಾಲಿ ಜಾಗದಲ್ಲಿ ಕಬ್ಬಿಣದ ಪಂಜರ, ಅದರೊಳಗೆ ಮರದ ಪೆಟ್ಟಿಗೆ. ಹೊರಗಿನ ಕಬ್ಬಿಣದ ಬಾಗಿಲು ನಾವೇ ಎಳೆಯಬೇಕು. ಒಳಗೆ ಮರದ ಎರಡು ಪುಟ್ಟ ಬಾಗಿಲು, ದೇವರ ಕೋಣೆಯ ಬಾಗಿಲಿನ ಹಾಗೆ. ಅವನ್ನೂ ನಾವೇ ಮುಚ್ಚಬೇಕು. ಮುಚ್ಚಿ, ಟಕ್ ಅಂತ ಶಬ್ದ ಬಂದ ಮೇಲೆ ಗುಂಡಿ ಒತ್ತಬೇಕು. ಅಮ್ಮ, ಒಂದು ಪೆಟ್ಟಿಗೆ, ನಾನು, ಅಷ್ಟಕ್ಕೇ ಭರ್ತಿ. ಮೇಲಿನ ಮಹಡಿಯವರು ಯಾರಾದರೂ ಇಳಿಯುವಾಗ ಬಾಗಿಲು ಸರಿಯಾಗಿ ಹಾಕದೇ ಹೋದರೆ ಮುಗಿಯಿತು, ಕೆಳಗಿನಿಂದ ಎಷ್ಟು ಒತ್ತಿದರೂ ಲಿಫ್ಟ್ ಬರುವುದಿಲ್ಲ. ಎರಡನೇ ದಿನವೇ ಹಾಗಾಯಿತು. ಅಮ್ಮ ಕೆಳಗೆ ಮೆಟ್ಟಿಲ ಮೇಲೆ ಕೂತಳು. ಮಗ ನಾಲ್ಕು ಮಹಡಿ ಓಡಿ ಹತ್ತಿ ಬಾಗಿಲು ಹಾಕಿ ಬಂದ. ಮೂರನೇ ದಿನಕ್ಕೆ ಓಡುವುದನ್ನು ಬಿಟ್ಟು ಕೆಳಗಿನಿಂದಲೇ "ಪೋರ್ತಾ!" ಅಂತ ಕೂಗಲು ಕಲಿತ. ಬಾಗಿಲು ಅಂತ ಅರ್ಥ. ಮೇಲಿನಿಂದ ಯಾರೋ ಧಡ್ ಅಂತ ಹಾಕುತ್ತಿದ್ದರು.

ಇನ್ನೊಂದು ವಿಷಯ, ಎರಡನೇ ಮಹಡಿ ಅಂತ ಹೇಳಿದ್ದು ಹತ್ತಿ ನೋಡಿದರೆ ಮೂರನೆಯದು. ನೆಲಮಹಡಿಗೂ ಒಂದನೇ ಮಹಡಿಗೂ ನಡುವೆ ತಗ್ಗು ಚಾವಣಿಯ ಒಂದು ಅರೆಮಹಡಿ ಇತ್ತು. ಅದು ಅವರ ಲೆಕ್ಕಕ್ಕಿಲ್ಲ.

ಸ್ನಾನದ ಮನೆಗೆ ಹೋದ ಅಮ್ಮ ಒಳಗಿಂದಲೇ ಕರೆದಳು. ಹೋಗಿ ನೋಡಿದೆ. ತೊಟ್ಟಿ. ಅಂಚು ಅಮ್ಮನ ಮೊಣಕಾಲಿಗಿಂತ ಎತ್ತರ. ಅದನ್ನು ದಾಟಿ ಒಳಗೆ ಇಳಿದು ನಿಂತು ಸ್ನಾನ ಮಾಡಬೇಕು. ಮೆಟ್ಟಿಲು ನೋಡಿದೆ, ಲಿಫ್ಟ್ ನೋಡಿದೆ, ಗದ್ದಲ ನೋಡಿದೆ, ಇಡೀ ಓಣಿಯನ್ನು ಫೋನಿನಲ್ಲಿ ನಡೆದೆ. ಸ್ನಾನದ ಮನೆಯ ಫೋಟೊದಲ್ಲಿ ಕನ್ನಡಿ, ಹೂದಾನಿ, ಮಡಿಸಿಟ್ಟ ಟವೆಲ್ ಇತ್ತು. ತೊಟ್ಟಿ ಇರಲಿಲ್ಲ. ನಾನೂ ಕೇಳಿರಲಿಲ್ಲ. ಗಂಡ ಮತ್ತು ಮಗ ಹೋಗಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯಿಂದ 7 ಯೂರೋ ಕೊಟ್ಟು ಒಂದು ಹಸಿರು ಸ್ಟೂಲ್ ತಂದರು. ಅದನ್ನು ತೊಟ್ಟಿಯ ಹೊರಗೆ, ನೆಲದ ತೂತಿನ ಪಕ್ಕ ಇಟ್ಟು, ಅಡುಗೆಮನೆಯ ಪಾತ್ರೆಯನ್ನೇ ಚೊಂಬು ಮಾಡಿಕೊಂಡು ಅಮ್ಮ ಏಳು ದಿನ ಕೂತೇ ಸ್ನಾನ ಮಾಡಿದಳು. ಮನೆ ಹುಡುಕುವವರಿಗೆ ಇದೊಂದು ಹೇಳುತ್ತೇನೆ: ಸ್ನಾನದ ಮನೆಯ ನೆಲದ ಫೋಟೊ ಕೇಳಿ ತರಿಸಿಕೊಳ್ಳಿ.

ಅದೇ ರಾತ್ರಿ ಕರೆಂಟ್ ಹೋಯಿತು. ನಾನು ಕರೆಂಟಿನ ಒಲೆ ಮೇಲೆ ಅನ್ನಕ್ಕಿಟ್ಟಿದ್ದೆ, ಇವರು ವಾಷಿಂಗ್ ಮಷೀನ್ ಹಾಕಿದರು. ಟಪ್. ಅಲ್ಲಿನ ಮನೆಗಳಿಗೆ ಸಾಮಾನ್ಯವಾಗಿ 3 ಕಿಲೋವಾಟ್ ಮಾತ್ರ ಸಂಪರ್ಕ. ಎರಡು ದೊಡ್ಡ ಯಂತ್ರ ಒಟ್ಟಿಗೆ ಓಡಿದರೆ ಮೇನ್ ಬೀಳುತ್ತದೆ. ಮೇನ್ ಇರುವುದು ನೆಲಮಹಡಿಯಲ್ಲಿ. ಒಲೆ ಉರಿಯುವಾಗ ಬಟ್ಟೆ ಬೇಡ ಅನ್ನುವ ಕಾನೂನು ಅವತ್ತೇ ಜಾರಿಗೆ ಬಂತು.

ಇಷ್ಟು ಬಿಟ್ಟರೆ ಮನೆ ಕೈಹಿಡಿಯಿತು. ಬೆಳಿಗ್ಗೆ ಎಂಟಕ್ಕೆ ಹೊರಡುವುದು. ಇಳಿಜಾರಿನಲ್ಲಿ ನಿಧಾನ ನಡೆದರೆ ಮೋಂತಿಯ ಪುಟ್ಟ ಚೌಕ, ಅಲ್ಲಿ ಕಾರಂಜಿ ಕಟ್ಟೆ ಮೇಲೆ ಒಂದು ವಿಶ್ರಾಂತಿ. ಮುಂದೆ ಸ್ವಲ್ಪ ಹೋದರೆ ಬೀದಿಯ ತುದಿಗೇ ಕೊಲೊಸಿಯಮ್. ದಾರಿಯಲ್ಲಿ ಅಲ್ಲಲ್ಲಿ ಎರಕದ ಕಬ್ಬಿಣದ ನಲ್ಲಿ, ಹಗಲು ರಾತ್ರಿ ನೀರು ಸುರಿಯುತ್ತಲೇ ಇರುತ್ತದೆ. ನಾಸೋನಿ ಅಂದರೆ ದೊಡ್ಡ ಮೂಗಿನವು ಅಂತ ಹೆಸರು, 1874ರಿಂದ ಇವೆ. ಮೂಗಿನ ತುದಿಗೆ ಬೆರಳು ಒತ್ತಿ ಹಿಡಿದರೆ ಮೇಲಿನ ಸಣ್ಣ ತೂತಿನಿಂದ ನೀರು ಕಾರಂಜಿಯಾಗಿ ಚಿಮ್ಮುತ್ತದೆ, ಬಾಯಿ ಹಾಕಿ ಕುಡಿಯಬಹುದು. ಮಗ ಮೊದಲ ಸಲ ಒತ್ತಿದಾಗ ನೀರು ನೇರ ಅವರಪ್ಪನ ಮುಖಕ್ಕೆ.

ನಾವು ಉಳಿದ ಆ ತಗ್ಗಿನ ಓಣಿಗಳಿಗೆ ಹಳೇ ಕಾಲದಲ್ಲಿ ಸುಬೂರ ಅಂತ ಹೆಸರು. ಬಡವರ ಕೇರಿ, ಒತ್ತೊತ್ತಿನ ಮನೆ, ಆಗಾಗ ಬೆಂಕಿ. ಜೂಲಿಯಸ್ ಸೀಸರ್ ಕೂಡ ಮೊದಲು ಇದ್ದದ್ದು ಈ ಕೇರಿಯಲ್ಲೇ. ಆಗಸ್ಟಸ್ ಚಕ್ರವರ್ತಿ ತನ್ನ ಫೋರಮ್ ಕಟ್ಟಿಸಿದಾಗ ಈ ಕೇರಿಯ ಬೆಂಕಿ ಆಚೆ ದಾಟಬಾರದು ಅಂತ ಮಧ್ಯೆ ಎತ್ತರದ ಕಲ್ಲಿನ ಗೋಡೆ ಎಬ್ಬಿಸಿದ. ಆ ಗೋಡೆ ಈಗಲೂ ನಿಂತಿದೆ. ಆಗ ಗೋಡೆಯ ಆಚೆಯವರು ಮೂಗು ಮುಚ್ಚಿಕೊಳ್ಳುತ್ತಿದ್ದ ಜಾಗದಲ್ಲಿ ನಾವು 172 ಯೂರೋ ಕೊಟ್ಟು ಮಲಗಿದೆವು.

ಹನ್ನೆರಡೂವರೆಗೆ ವಾಪಸ್. ಕೊಲೊಸಿಯಮ್ ಎದುರಿಗೇ ಬಿ ಮೆಟ್ರೊ, ಒಂದೇ ನಿಲ್ದಾಣ, ಕಾವೂರ್‌ನಲ್ಲಿ ಇಳಿದು ಮನೆ. ಟಿಕೆಟ್ 1.50 ಯೂರೋ. ಏರಿನ ಅರ್ಧ ಭಾಗವನ್ನು ರೈಲು ಹತ್ತಿಸುತ್ತದೆ, ಉಳಿದರ್ಧ ಅಮ್ಮ ನನ್ನ ಭುಜ ಹಿಡಿದು ಹತ್ತುತ್ತಿದ್ದಳು, ಎರಡು ಕಡೆ ನಿಂತು. ಊಟ, ನಿದ್ದೆ. ನಾಲ್ಕೂವರೆಗೆ ಎರಡನೇ ಸವಾರಿ. ಒಂದು ಶುಕ್ರವಾರ ಬಸ್ಸು ಮೆಟ್ರೊ ಮುಷ್ಕರ. ಇಟಲಿಗೆ ಹೋದವರಿಗೆ ಇದು ತಪ್ಪಿದ್ದಲ್ಲ, ಶುಕ್ರವಾರವೇ ಜಾಸ್ತಿ ಅಂತೆ. ಬೆಳಿಗ್ಗೆ ಎಂಟೂವರೆವರೆಗೆ, ಸಂಜೆ ಐದರಿಂದ ಎಂಟರವರೆಗೆ ಮಾತ್ರ ಓಡಿಸುತ್ತಾರೆ. ಅವತ್ತು ನಾವು ಬೆಳಿಗ್ಗೆ ಎಲ್ಲೂ ಹೋಗದೆ ಪಕ್ಕದ ಇಗರ್ಜಿಯಲ್ಲೇ ಎರಡು ತಾಸು ಕೂತೆವು. ಐದನೇ ಶತಮಾನದ ಮೊಸಾಯಿಕ್ ಚಿತ್ರಗಳು, ಚಿನ್ನದ ಚಾವಣಿ. ಪೋಪ್ ಫ್ರಾನ್ಸಿಸ್ ಅವರ ಸಮಾಧಿ ಅಲ್ಲೇ ಇದೆ. ಬಿಳಿ ಕಲ್ಲಿನ ಮೇಲೆ ಒಂದೇ ಹೆಸರು. ಅದರ ಮುಂದೆ ಉದ್ದ ಸಾಲು.

ಮರುದಿನ ಶನಿವಾರ ಎಸ್ಕ್ವಿಲೀನೊ ಸಂತೆಗೆ ಹೋದೆವು. ಮೊದಲು ವಿಟ್ಟೋರಿಯೊ ಚೌಕದಲ್ಲೇ ನಡೆಯುತ್ತಿದ್ದದ್ದು, ಈಗ ಪಕ್ಕದ ದೊಡ್ಡ ಕಟ್ಟಡದೊಳಗೆ. ಬೆಳಿಗ್ಗೆ ಹೋಗಬೇಕು, ಭಾನುವಾರ ಇಲ್ಲ. ಒಳಗೆ ಕಾಲಿಟ್ಟ ಕೂಡಲೇ ಕೊತ್ತಂಬರಿ ಸೊಪ್ಪಿನ ವಾಸನೆ. ಬೆಂಡೆಕಾಯಿ, ಹಸಿಮೆಣಸು, ಹಾಗಲಕಾಯಿ, ಮಸೂರು ಬೇಳೆ. ವ್ಯಾಪಾರಿಗಳಲ್ಲಿ ಬಾಂಗ್ಲಾದೇಶದವರೇ ಬಹಳ. ಅಮ್ಮ ನಿಧಾನ ನಡೆಯುತ್ತಿದ್ದವಳು ತಟ್ಟನೆ ನಿಂತಳು.

"ಬಸಳೆ!"

ನಿಜವಾಗಿಯೂ ಬಸಳೆ. ದಪ್ಪ ದಂಟು, ಹೊಳೆಯುವ ಎಲೆ, ಕಟ್ಟು ಕಟ್ಟಾಗಿ. ಅಂಗಡಿಯ ಹುಡುಗ "ಪುಯಿ ಶಾಕ್, ಮಾ" ಅಂದ. ಅಮ್ಮ ತನ್ನ ಮಂಗಳೂರು ಹಿಂದಿಯಲ್ಲಿ ಅವನ ಊರು, ಮನೆ, ಮದುವೆ ಎಲ್ಲ ವಿಚಾರಿಸಿದಳು. ದಂಟನ್ನು ಉಗುರಿನಿಂದ ಚುಚ್ಚಿ ನೋಡಿದಳು. ಎಳೆಯದು. ಎರಡು ಕಟ್ಟು ತಗೊಂಡಳು, ಅವನು ಒಂದು ಹಿಡಿ ಹಸಿಮೆಣಸು ಸುಮ್ನೆ ಹಾಕಿದ. ತುರಿಮಣೆ ಇಲ್ಲ, ಮಿಕ್ಸಿ ಇಲ್ಲ. ಮಸೂರು ಬೇಳೆ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಕಾಯಿ ಇಲ್ಲದ ಬಸಳೆ ಪದಾರ್ಥ. ರೋಮ್‌ನಲ್ಲಿ ತಿಂದದ್ದರಲ್ಲಿ ನನಗೆ ಈಗಲೂ ನೆನಪಿರುವ ರುಚಿ ಅದೇ. ಪಾಸ್ತಾ ಪ್ರಿಯರು ಕ್ಷಮಿಸಬೇಕು.

ಮಧ್ಯಾಹ್ನದ ನಿದ್ದೆಯ ಲೆಕ್ಕ ಪೂರ್ತಿ ವಸೂಲಾದದ್ದು ಆರನೇ ಸಂಜೆ. ಪ್ಯಾಂಥಿಯನ್ ನೋಡಿ, ಅಲ್ಲಿಂದ ನಾಲ್ಕು ಹೆಜ್ಜೆಯ ಸಾಂತ್ ಇಗ್ನಾತ್ಸಿಯೊ ಇಗರ್ಜಿಗೆ ಹೋದೆವು. ಬೆಳಿಗ್ಗೆಯಿಂದ ಬೀದಿಯಲ್ಲೇ ಇದ್ದಿದ್ದರೆ ಅಮ್ಮ ಹೊರಗೇ ಕೂತಿರುತ್ತಿದ್ದಳು. ನಿದ್ದೆ ಮಾಡಿ ಎದ್ದವಳಾದ್ದರಿಂದ ಒಳಗೆ ಬಂದಳು. ಆ ಇಗರ್ಜಿಗೆ ಗುಮ್ಮಟ ಕಟ್ಟಲೇ ಇಲ್ಲ. ಬದಲಿಗೆ ಜೆಸುಯಿಟ್ ಅನ್ನುವ ಕ್ರೈಸ್ತ ಸಂಘದ ಚಿತ್ರಕಾರ ಆಂಡ್ರಿಯಾ ಪೊಜ್ಜೊ 1685ರಲ್ಲಿ ದೊಡ್ಡ ಬಟ್ಟೆಯ ಮೇಲೆ ಗುಮ್ಮಟ ಬರೆದು ಮೇಲೆ ಕೂರಿಸಿದ. ನೆಲದಲ್ಲಿ ಗುರುತು ಮಾಡಿದ ಜಾಗದಲ್ಲಿ ನಿಂತು ನೋಡಿದರೆ ಗುಮ್ಮಟ, ಹತ್ತು ಹೆಜ್ಜೆ ಸರಿದರೆ ಸೊಟ್ಟ. ಜನ ಚಾವಣಿ ನೋಡಲು ಇಟ್ಟಿರುವ ಕನ್ನಡಿಯ ಮುಂದೆ ಫೋಟೊಗೆ ಸಾಲು ನಿಂತಿದ್ದರು. ಅಮ್ಮ ಸಾಲು ಬಿಟ್ಟು ಬೆಂಚಿನ ಮೇಲೆ ಕೂತು ತಲೆ ಹಿಂದಕ್ಕೆ ಚೆಲ್ಲಿ ಮೇಲೆ ನೋಡುತ್ತಿದ್ದಳು.

"ಇದು ನಮ್ಮ ಅಲೋಶಿಯಸ್ ಚಾಪೆಲಿನ ಹಾಗೇ ಉಂಟಲ್ಲ?"

ಮಂಗಳೂರಿನ ಬಾವುಟಗುಡ್ಡೆಯ ಮೇಲಿನ ಅಲೋಶಿಯಸ್ ಕಾಲೇಜಿನ ಚಾಪೆಲ್. 1899ರ ಸುಮಾರಿಗೆ ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೆನಿ ಗೋಡೆ, ಚಾವಣಿ ಒಂದಿಂಚು ಬಿಡದೆ ಚಿತ್ರ ಬರೆದದ್ದು. ಅಮ್ಮನ ತಮ್ಮ ಆ ಕಾಲೇಜಿನಲ್ಲಿ ಓದಿದವನು. ಬುತ್ತಿ ಕೊಡಲು ಹೋದಾಗೆಲ್ಲ ಅಮ್ಮ ಚಾಪೆಲ್ ಒಳಗೆ ಒಂದು ಸುತ್ತು ಬರುತ್ತಿದ್ದಳಂತೆ. ನಾನು ಹೌದು ಹೌದು ಅಂದೆ, ಇಟಲಿಯವರ ಚಿತ್ರ ಎಲ್ಲ ಒಂದೇ ಥರ ಅಲ್ವಾ ಅಂತ. ಅಷ್ಟರಲ್ಲಿ ಗಂಡ ಬಲಗಡೆಯ ದೊಡ್ಡ ಪೀಠದ ಹತ್ತಿರದಿಂದ ಕೈಮಾಡಿ ಕರೆದರು. ಸುರುಳಿ ಸುರುಳಿ ಹಸಿರು ಕಂಬಗಳು, ನಡುವೆ ಅಮೃತಶಿಲೆಯಲ್ಲಿ ಕೆತ್ತಿದ ಒಬ್ಬ ಹುಡುಗ, ಕೆಳಗೆ ಕಡುನೀಲಿ ಕಲ್ಲಿನ ಪೆಟ್ಟಿಗೆ. ಫಲಕದಲ್ಲಿ ಲುಯಿಜಿ ಗೊನ್ಜಾಗಾ ಅಂತಿತ್ತು. ಲುಯಿಜಿ ಅಂದರೆ ಇಟಲಿಯವರ ಬಾಯಲ್ಲಿ ಅಲೋಶಿಯಸ್. ರೋಮ್‌ನಲ್ಲಿ ಪಿಡುಗು ಹಬ್ಬಿದಾಗ ರೋಗಿಗಳ ಸೇವೆಗೆ ನಿಂತು 1591ರಲ್ಲಿ, 23ನೇ ವಯಸ್ಸಿಗೇ ತೀರಿಕೊಂಡ ಹುಡುಗ. ಅದೇ ಸಂತ ಅಲೋಶಿಯಸ್. ಮಂಗಳೂರಿನ ಕಾಲೇಜಿಗೆ ಹೆಸರು ಕೊಟ್ಟವನು ಇಲ್ಲಿ ಮಲಗಿದ್ದ.

ಅಮ್ಮ ಅಲ್ಲಿಂದ ಬೇಗ ಏಳಲಿಲ್ಲ. ನಾವು ಯಾರೂ ಅವಸರ ಮಾಡಲೂ ಇಲ್ಲ. ಆಮೇಲೆ ತಮ್ಮನಿಗೆ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿ, ಊರಲ್ಲಿ ಆಗ ರಾತ್ರಿ ಹತ್ತೂವರೆ, ಮಲಗಿದ್ದವನನ್ನು ಎಬ್ಬಿಸಿ ಮಾತಾಡಿದಳು.

ಸಾಂತಾ ಮರಿಯಾ ಮಜ್ಜೋರೆಯ ಗೋಪುರದಲ್ಲಿ ದಿನಾ ರಾತ್ರಿ ಒಂಬತ್ತಕ್ಕೆ ಒಂದು ಗಂಟೆ ಬಾರಿಸುತ್ತಾರೆ. ಯಾವುದೋ ಕಾಲದಲ್ಲಿ ದಾರಿ ತಪ್ಪಿದ ಒಬ್ಬಳಿಗೆ ಮನೆ ದಾರಿ ತಿಳಿಯಲಿ ಅಂತ ಬಾರಿಸಿದ್ದು, ಹಾಗೇ ಉಳಿದುಕೊಂಡು ಬಂದಿದೆ ಅಂತ ಮನೆಯಾಕೆ ಕೊನೆಯ ರಾತ್ರಿ ಲೆಕ್ಕ ಮುಗಿಸಲು ಬಂದಾಗ ಹೇಳಿದರು. ಅಮ್ಮನಿಗೆ ಆ ಕಥೆ ಅನುವಾದ ಮಾಡಿ ಹೇಳುತ್ತಿದ್ದ ಹಾಗೇ ಗಂಟೆ ಶುರುವಾಯಿತು. ಅಮ್ಮ ಏಳು ದಿನದಿಂದ ಅದನ್ನು ಊಟದ ಗಂಟೆ ಅಂತಲೇ ಇಟ್ಟುಕೊಂಡಿದ್ದಳು.

"ಅವರನ್ನೂ ಕೂರಿಸು, ಬಸಳೆ ಉಂಟು" ಅಂದಳು. "ಆ ಸ್ಟೂಲ್ ಇಲ್ಲೇ ಇರ್ಲಿ ಅಂತಲೂ ಹೇಳು. ಇನ್ನು ಬರುವವರಿಗೂ ಬೇಕಾಗ್ತದೆ."